ಅಲೆ ಸಿಕ್ಕಿತು, ಗ್ಯಾಲಕ್ಸಿ ಯಾವುದು?

ಹಾಸನ ಸೀಮೆಯ ರೈತರು ಮಳೆಯ ಲೆಕ್ಕದಲ್ಲಿ ಹೆಸರಿಸುವ ಹಸ್ತ ಮತ್ತು ಚಿತ್ತೆ, ಏಪ್ರಿಲ್ ಕೊನೆಯ ರಾತ್ರಿಗಳಲ್ಲಿ ದಕ್ಷಿಣದ ಆಕಾಶದಲ್ಲಿ ಮೇಲೇರಿರುತ್ತವೆ. ಚಿತ್ತೆಯ ದಕ್ಷಿಣಕ್ಕೆ, ಹಸ್ತದ ಪೂರ್ವಕ್ಕೆ, ಬರಿಗಣ್ಣಿಗೆ ಏನೂ ಕಾಣದ ಜಾಗದಲ್ಲಿ ಎನ್‌ಜಿಸಿ 4993 ಎಂಬ ಗ್ಯಾಲಕ್ಸಿಯಿದೆ. ಭಾರಿ ಕಾಯಗಳು ಒಂದನ್ನೊಂದು ಸುತ್ತಿ ಕೂಡಿಕೊಂಡಾಗ ದೇಶ-ಕಾಲದಲ್ಲಿ ಏಳುವ ಕಂಪನವೇ ಗುರುತ್ವ ಅಲೆ. ಅಂಥ ಅಲೆಯೊಂದರ ತವರು ಅನುಮಾನಕ್ಕೆ ಎಡೆಯಿಲ್ಲದಂತೆ ಗೊತ್ತಾದದ್ದು ಇಲ್ಲಿ ಮಾತ್ರ.

1916ರಲ್ಲಿ ಐನ್‌ಸ್ಟೈನ್ ಊಹಿಸಿದ ಅಲೆ ಅಮೆರಿಕದ ಲೈಗೊ ಉಪಕರಣಗಳಿಗೆ ಸಿಕ್ಕಿದ್ದು 2015ರಲ್ಲಿ. ಅದಕ್ಕೂ ಮೊದಲೇ, 1986ರಲ್ಲಿ, ಭೌತವಿಜ್ಞಾನಿ ಬರ್ನಾರ್ಡ್ ಶುಟ್ಜ್ ಒಂದು ಉಪಾಯ ಸೂಚಿಸಿದ್ದರು: ಮೂಲವೆಷ್ಟು ದೂರವೆಂದು ಅಲೆಯೇ ಹೇಳುತ್ತದೆ, ಅದು ನಮ್ಮಿಂದ ಸರಿಯುವ ವೇಗವನ್ನು ಗ್ಯಾಲಕ್ಸಿಯ ಬೆಳಕು ಹೇಳುತ್ತದೆ, ಎರಡೂ ಸೇರಿದರೆ ವಿಶ್ವ ಹಿಗ್ಗುವ ದರ ಸಿಗುತ್ತದೆ.

2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು (ಸತ್ತ ದೊಡ್ಡ ನಕ್ಷತ್ರಗಳ ಅತಿ ಸಾಂದ್ರ ತಿರುಳುಗಳು) ಒಂದಾದ ಅಲೆ ಬಂದಿತು, 1.7 ಸೆಕೆಂಡಿನ ಬಳಿಕ ಗಾಮಾ ಕಿರಣ ಕಂಡಿತು. ಲೈಗೊ ಮತ್ತು ಇಟಲಿಯ ವರ್ಗೊ ಸೇರಿ ಹುಡುಕಾಟವನ್ನು ಆಕಾಶದ 28 ಚದರ ಡಿಗ್ರಿಗೆ ಇಳಿಸಿದವು. ಚಿಲಿಯಲ್ಲಿ ಸ್ವೋಪ್ ದೂರದರ್ಶಕದ ತಂಡವು ಅಲೆ ಹೇಳಿದ ದೂರದಲ್ಲಿರುವ ಗ್ಯಾಲಕ್ಸಿಗಳ ಪಟ್ಟಿ ಹಿಡಿದು ಒಂದೊಂದನ್ನೇ ನೋಡುತ್ತ ಹೋಗಿ, ಅಲೆ ಬಂದ ಸುಮಾರು 11 ಗಂಟೆಗಳ ಬಳಿಕ, 13 ಕೋಟಿ ಜ್ಯೋತಿರ್ವರ್ಷ ದೂರದ ಎನ್‌ಜಿಸಿ 4993ರಲ್ಲಿ ಹೊಸ ಚುಕ್ಕೆಯೊಂದನ್ನು ಕಂಡಿತು. ಆ ಪಟ್ಟಿ ಇಲ್ಲದಿದ್ದರೆ ಅಷ್ಟು ಬೇಗ ಕಾಣುತ್ತಿತ್ತೇ ಎಂಬುದು ಕೇಳಬೇಕಾದ ಪ್ರಶ್ನೆ. ಹಿಗ್ಗುವ ದರ ಮೆಗಾಪಾರ್ಸೆಕ್‌ಗೆ (ಸುಮಾರು 33 ಲಕ್ಷ ಜ್ಯೋತಿರ್ವರ್ಷ ದೂರಕ್ಕೆ) ಸೆಕೆಂಡಿಗೆ ಸುಮಾರು 70 ಕಿಲೋಮೀಟರ್ ಎಂದು ಬಂದಿತು. ಆದರೆ ಬೇರೆ ಬೇರೆ ಅಳತೆ ವಿಧಾನಗಳು ಈ ದರಕ್ಕೆ ಕೊಡುವ 67 ಮತ್ತು 73ರ ನಡುವಿನ ಹಳೆಯ ಜಗಳ ತೀರಿಸುವಷ್ಟು ನಿಖರತೆ ಅದಕ್ಕಿರಲಿಲ್ಲ.

ಬಹುತೇಕ ಅಲೆಗಳು ಬರುವುದು ಕಪ್ಪುಕುಳಿಗಳಿಂದ, ಅಲ್ಲಿ ಬೆಳಕಿಲ್ಲ. 2019ರ ಆಗಸ್ಟ್ 14ರ ಅಲೆ ಸುಮಾರು 18.5 ಚದರ ಡಿಗ್ರಿಗೆ, ಅಂದರೆ ತೊಂಬತ್ತರಷ್ಟು ಹುಣ್ಣಿಮೆ ಚಂದ್ರರು ಹಿಡಿಯುವ ಜಾಗಕ್ಕೆ ಸೀಮಿತವಾದರೂ ಹೊಳಪೇನೂ ಕಾಣಲಿಲ್ಲ. ಸಕಲೇಶಪುರದ ಗುಡ್ಡದ ಮೇಲೆ ರಾತ್ರಿ ತಮಟೆ ಸದ್ದು ಕೇಳಿದವರು ಅದು ನಡುಕಾಡಿನದ್ದಲ್ಲ, ಯಾವುದೋ ಊರಿನದ್ದೆಂದು ಊಹಿಸುವಂತೆ, ಇಲ್ಲಿಯೂ ವಿಜ್ಞಾನಿಗಳು ಗ್ಯಾಲಕ್ಸಿಗಳು ಗುಂಪುಗೂಡಿರುವ ಕಡೆಗೆ ಹೆಚ್ಚು ಸಂಭಾವ್ಯತೆ ಕೊಡುತ್ತಾರೆ. ಹಲವು ಅಲೆಗಳನ್ನು ಹೀಗೆ ಒಟ್ಟುಗೂಡಿಸಿದರೆ ಸುಳ್ಳು ಹೊಂದಿಕೆಗಳು ಕ್ರಮೇಣ ಕರಗುತ್ತವೆ.

ತೊಡಕಿರುವುದು ಪಟ್ಟಿಯಲ್ಲಿ. ದೂರ ಹೋದಂತೆ ಮಸುಕಾದ ಗ್ಯಾಲಕ್ಸಿಗಳು ಬಿಟ್ಟುಹೋಗುತ್ತವೆ, ಕ್ಷೀರಪಥದ ದೂಳಿನ ಹಿಂದಿನವಂತೂ ಸರಿಯಾಗಿ ದಾಖಲಾಗಿಯೇ ಇಲ್ಲ. ಬಿಟ್ಟುಹೋದುದಕ್ಕೆ ಲೆಕ್ಕದಲ್ಲಿ ತುಂಬಿಸುವ ಊಹೆಗಳು, ಕಪ್ಪುಕುಳಿಗಳ ದ್ರವ್ಯರಾಶಿಯ ಬಗೆಗಿನ ಊಹೆಗಳು, ಉತ್ತರವನ್ನು ಅಲುಗಾಡಿಸುತ್ತವೆ. ಹೊಸ ಉಪಕರಣಕ್ಕೆ ಸಿಗುವ ಉತ್ಸಾಹ ಗ್ಯಾಲಕ್ಸಿ ಎಣಿಸುವ ಕೆಲಸಕ್ಕೆ ಸಿಗುವುದಿಲ್ಲ. ಮಹಾರಾಷ್ಟ್ರದ ಔಂಢಾ ನಾಗನಾಥ ಬಳಿಯ ಲೈಗೊ-ಇಂಡಿಯಾಕ್ಕೆ 2023ರಲ್ಲಿ 2,600 ಕೋಟಿ ರೂಪಾಯಿಗೆ ಒಪ್ಪಿಗೆ ದೊರೆತಿದೆ. ಅದು ಕೆಲಸ ಶುರುಮಾಡಿದಾಗ ಹುಡುಕುವ ಜಾಗ ಇನ್ನಷ್ಟು ಕಿರಿದಾಗುತ್ತದೆ. ಆ ಕಿರಿದಾದ ಜಾಗದಲ್ಲಿರುವ ಗ್ಯಾಲಕ್ಸಿಗಳು ಸರಿಯುವ ವೇಗಗಳನ್ನು ಅಷ್ಟರೊಳಗೆ ಅಳೆದಿಡಬೇಕಾಗಿದೆ.