ಡ್ರೋನ್ ಹೇಳುವ ಎತ್ತರ ಎಲ್ಲಿಂದ ಅಳೆದದ್ದು?

ಕಳೆದ ಮಳೆಗಾಲ ಮುಗಿದ ಮೇಲೆ ಕಲ್ಯಾಣಪುರದ ಕಡೆಯ ಯುವಕರೊಬ್ಬರು ಉಡುಪಿಯ ನಮ್ಮ ಸರ್ವೆ ಆಫೀಸಿಗೆ ಬಂದಿದ್ದರು. ಸ್ವರ್ಣಾ ನದಿಯ ಹತ್ತಿರ ಬೈಲಿನಲ್ಲಿ 12 ಸೆಂಟ್ಸ್ ಜಾಗ ಇದೆ, ಮನೆ ಕಟ್ಟಬೇಕು. ನೆರೆ ನೀರು ಒಳಗೆ ಬಾರದ ಹಾಗೆ ಎಷ್ಟು ಮಣ್ಣು ತುಂಬಿಸಬೇಕು ಅನ್ನುವುದು ಅವರ ಪ್ರಶ್ನೆ. ಗೆಳೆಯನ ಕ್ಯಾಮೆರಾ ಡ್ರೋನ್ ಹಾರಿಸಿ ಫೋಟೋ ತೆಗೆದಿದ್ದರು. ಫೋಟೋದ ಒಳಗೆ ಎರಡು ಎತ್ತರ ದಾಖಲಾಗಿರುತ್ತದೆ. ಒಂದು ಡ್ರೋನ್ ಹಾರಲು ಶುರು ಮಾಡಿದ ಜಾಗದಿಂದ, ಇನ್ನೊಂದು ಸಮುದ್ರ ಮಟ್ಟದಿಂದ. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ ನೆಲದ ಎತ್ತರ ಸಿಗಬೇಕು ಅಲ್ವಾ? ಹಾಗೆಯೇ ಕಳೆದಿದ್ದರು.

"ಸರ್, ಜಾಗ ಒಂದೇ. ಬೆಳಿಗ್ಗೆ 14 ಮೀಟರ್ ತೋರಿಸ್ತದೆ, ಸಂಜೆ 39. ಎಂಥದು ಮಾರಾಯ್ರೆ ಇದು? ಡ್ರೋನ್ ಹಾಳಾಗಿದೆಯಾ?"

ಹಾಳಾಗಿರಲಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಹಾರಿಸಿದ್ದು ಅಂತ ಕೇಳಿದೆ. ಹತ್ತು. ಸಂಜೆ? ನಾಲ್ಕು. ಅಷ್ಟು ಕೇಳಿದ ಮೇಲೆ ನನಗೆ ಕಾರಣ ಗೊತ್ತಾಯಿತು.

ಡ್ರೋನಿನ ಒಳಗೆ ಅಕ್ಕಿಕಾಳಿನಷ್ಟು ಚಿಕ್ಕ ಬ್ಯಾರೋಮೀಟರ್ ಇರುತ್ತದೆ. ಅದಕ್ಕೆ ಎತ್ತರ ಗೊತ್ತಿಲ್ಲ, ಗಾಳಿಯ ಒತ್ತಡ ಮಾತ್ರ ಗೊತ್ತು. ಮೇಲೆ ಹೋದಂತೆ ಒತ್ತಡ ಇಳಿಯುತ್ತದೆ. ನಮ್ಮ ಕರಾವಳಿಯಲ್ಲಿ ಒಂದು ಮಿಲಿಬಾರ್ ಇಳಿದರೆ ಸುಮಾರು 8ರಿಂದ 9 ಮೀಟರ್ ಮೇಲೇರಿದ ಲೆಕ್ಕ. ಆದರೆ ಡ್ರೋನ್ ನೆಲದ ಮೇಲೇ ಕೂತಿದ್ದರೂ ಒತ್ತಡ ಬದಲಾಗುತ್ತಲೇ ಇರುತ್ತದೆ. ಉಷ್ಣವಲಯದಲ್ಲಿ ಗಾಳಿಗೂ ಸಮುದ್ರದ ಹಾಗೆ ಉಬ್ಬರ ಇಳಿತ ಇದೆ. ಬೆಳಿಗ್ಗೆ ಹತ್ತರ ಹೊತ್ತಿಗೆ ಒತ್ತಡ ಏರಿರುತ್ತದೆ, ಸಂಜೆ ನಾಲ್ಕರ ಹೊತ್ತಿಗೆ ಸುಮಾರು ಮೂರು ಮಿಲಿಬಾರ್ ಇಳಿದಿರುತ್ತದೆ. ಮಳೆ, ಮೋಡ ಏನೂ ಇಲ್ಲದ ದಿನವೂ ಹೀಗೆಯೇ. ಮೂರು ಮಿಲಿಬಾರ್ ಅಂದರೆ 25 ಮೀಟರ್. 39ರಲ್ಲಿ 14 ಕಳೆಯಿರಿ, ಅಷ್ಟೇ ಉಳಿಯುತ್ತದೆ. ಅವರ ಹತ್ತಿರ ಇದ್ದದ್ದು ಹಳೆಯ ಮಾದರಿ. ಸಮುದ್ರ ಮಟ್ಟದ ಎತ್ತರವನ್ನೂ ಅದು ಗಾಳಿಯ ಒತ್ತಡದಿಂದಲೇ ಲೆಕ್ಕ ಹಾಕುತ್ತಿತ್ತು. ಜಾಗದ ನಿಜವಾದ ಎತ್ತರ ಅವೆರಡರಲ್ಲಿ ಯಾವುದೂ ಆಗಿರಲಿಲ್ಲ.

ಟೇಕಾಫ್ ಜಾಗದಿಂದ ಅಳೆಯುವ ಎತ್ತರ ಇಷ್ಟು ಕೆಡುವುದಿಲ್ಲ. ಹಾರುವ ಮುಂಚೆ ಡ್ರೋನ್ ಆಗಿನ ಒತ್ತಡವನ್ನೇ ಸೊನ್ನೆ ಅಂತ ಇಟ್ಟುಕೊಳ್ಳುತ್ತದೆ. ಇಪ್ಪತ್ತು ನಿಮಿಷದ ಹಾರಾಟದಲ್ಲಿ ಒತ್ತಡ ಜಾಸ್ತಿ ಬದಲಾಗುವುದಿಲ್ಲ. ಹಾಗಂತ ಅದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಬಿಸಿಲಿಗೆ ನಿಲ್ಲಿಸಿದ ಕಾರಿನಿಂದ ತೆಗೆದು ಕೂಡಲೇ ಹಾರಿಸಿದರೆ ಒಳಗಿನ ಸೆನ್ಸರ್ ತಣ್ಣಗಾಗುವ ತನಕ ಅಂಕಿ ಜಾರುತ್ತಾ ಇರುತ್ತದೆ. ವೇಗವಾಗಿ ಹೋಗುವಾಗ, ಕಡಲ ಗಾಳಿ ಬೀಸುವಾಗ ಡ್ರೋನಿನ ಮೈಗೆ ಬಡಿಯುವ ಗಾಳಿಯೇ ಒತ್ತಡವನ್ನು ಏರುಪೇರು ಮಾಡುತ್ತದೆ. ಇನ್ನೊಂದು ಸಂಗತಿ ನಮ್ಮೂರಿನ ಸೆಕೆಯದ್ದು. ಬ್ಯಾರೋಮೀಟರಿನ ಮಾಮೂಲು ಲೆಕ್ಕದಲ್ಲಿ ಸಮುದ್ರ ಮಟ್ಟದ ಗಾಳಿಯ ತಾಪಮಾನ 15 ಡಿಗ್ರಿ. ಇಲ್ಲಿ 30 ಇರುತ್ತದೆ. ಬಿಸಿ ಗಾಳಿ ಹಗುರ. ತಾಪಮಾನವನ್ನು ಸರಿದೂಗಿಸದ ಡ್ರೋನ್ 100 ಮೀಟರ್ ಅಂತ ತೋರಿಸುವಾಗ ನಿಜವಾಗಿ ಸುಮಾರು 105ರಲ್ಲಿ ಇರುತ್ತದೆ.

ನಾನು ಪ್ರತಿ ಹಾರಾಟದಲ್ಲೂ ಒಂದು ಕೆಲಸ ತಪ್ಪದೆ ಮಾಡುತ್ತೇನೆ. ಎದ್ದ ಮ್ಯಾಟಿನ ಮೇಲೇ ಇಳಿಸಿ, ಮೋಟಾರ್ ನಿಲ್ಲಿಸುವ ಮುಂಚೆ ಪರದೆಯ ಅಂಕಿ ನೋಡುತ್ತೇನೆ. ಸೊನ್ನೆ ಇರಬೇಕಿತ್ತು. ಕೆಲವೊಮ್ಮೆ 0.3, ಕೆಲವೊಮ್ಮೆ ಮೈನಸ್ 1.8. ಅದನ್ನು ಹಾಗೆಯೇ ಫೀಲ್ಡ್ ಬುಕ್ಕಿನಲ್ಲಿ ಬರೆಯುತ್ತೇನೆ. ಆ ಹಾರಾಟದಲ್ಲಿ ಎತ್ತರ ಎಷ್ಟು ಜಾರಿತು ಅಂತ ಡ್ರೋನ್ ತಾನೇ ಒಪ್ಪಿಕೊಳ್ಳುವ ಜಾಗ ಅದು. ಖರ್ಚಿಲ್ಲದ ಪರೀಕ್ಷೆ. ದಯವಿಟ್ಟು ನೀವೂ ಮಾಡಿ.

"ಡ್ರೋನಿನ ಡಬ್ಬಿಯ ಮೇಲೆ 0.1 ಮೀಟರ್ ಅಂತ ಬರೆದಿದೆಯಲ್ಲ" ಅಂತ ಅವರು ಕೇಳಿದರು. ಸುಮಾರು ಜನ ಇಲ್ಲೇ ಎಡವುತ್ತಾರೆ. ಅದು ಒಂದೇ ಎತ್ತರದಲ್ಲಿ ಅಲುಗಾಡದೆ ನಿಲ್ಲುವ ಶಕ್ತಿಯ ಅಂಕಿ. ಕೆಳಗಿನ ನೆಲ ಕ್ಯಾಮೆರಾಕ್ಕೆ ಚೆನ್ನಾಗಿ ಕಂಡರೆ 0.1, ಉಪಗ್ರಹ ಮಾತ್ರ ಸಿಕ್ಕರೆ 0.5 ಅಂತ ಹೆಚ್ಚಿನ ಮಾದರಿಗಳಲ್ಲಿ ಬರೆದಿರುತ್ತಾರೆ. ಏಣಿಯ ಮೇಲೆ ಅಲುಗಾಡದೆ ನಿಂತವನಿಗೆ ತಾನು ಎಷ್ಟು ಎತ್ತರದಲ್ಲಿದ್ದೇನೆ ಅಂತ ಗೊತ್ತಿರಬೇಕು ಅಂತೇನಿಲ್ಲ.

ಹಾಗಾದರೆ ಜಿಪಿಎಸ್? ಅದರಲ್ಲಿ ಎತ್ತರವೇ ಬಲಹೀನ. ನಮಗೆ ಸಿಗುವ ಉಪಗ್ರಹಗಳೆಲ್ಲ ತಲೆಯ ಮೇಲಿನವು. ಕೆಳಗಿನವನ್ನು ಭೂಮಿಯೇ ಮರೆ ಮಾಡುತ್ತದೆ. ಎಡ ಬಲದಿಂದ ಎಳೆದು ಕಟ್ಟಿದ ಹಗ್ಗದ ಹಾಗೆ ಅಡ್ಡಕ್ಕೆ ಸ್ಥಾನ ಗಟ್ಟಿಯಾಗುತ್ತದೆ, ಮೇಲೆ ಕೆಳಗೆ ಮಾತ್ರ ಸಡಿಲ. ಸಾಮಾನ್ಯವಾಗಿ ಎತ್ತರದ ತಪ್ಪು ಅಡ್ಡದ ತಪ್ಪಿನ ಒಂದೂವರೆ, ಎರಡು ಪಟ್ಟು.

ಅದಕ್ಕಿಂತ ದೊಡ್ಡ ಗೊಂದಲ ಸೊನ್ನೆಯದ್ದು. ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಅಂತ ಬರೆದಿರುತ್ತದಲ್ಲ, ಆ ಸಮುದ್ರ ಮಟ್ಟಕ್ಕೆ ಒಂದು ಇತಿಹಾಸ ಇದೆ. ಒಂಬತ್ತು ಬಂದರುಗಳಲ್ಲಿ ಸಮುದ್ರದ ಉಬ್ಬರ ಇಳಿತ ಅಳೆದು 1909ರಲ್ಲಿ ಗಟ್ಟಿ ಮಾಡಿದ ಸೊನ್ನೆ ಅದು. ಆ ಒಂಬತ್ತರಲ್ಲಿ ನಮ್ಮ ಕಾರವಾರವೂ ಒಂದು. ಜಿಪಿಎಸ್‌ಗೆ ಈ ಸೊನ್ನೆ ಗೊತ್ತಿಲ್ಲ. ಎರಡು ತುದಿ ಸ್ವಲ್ಪ ಚಪ್ಪಟೆಯಾದ, ನಯವಾದ ಒಂದು ಲೆಕ್ಕದ ಭೂಮಿಯಿಂದ ಅದು ಅಳೆಯುತ್ತದೆ. ಭಾರತದ ದಕ್ಷಿಣಕ್ಕೆ ಭೂಮಿಯ ಸೆಳೆತ ಕಡಿಮೆ, ಹಾಗಾಗಿ ನಿಜವಾದ ಸಮುದ್ರ ಆ ಲೆಕ್ಕದ ಭೂಮಿಗಿಂತ ತುಂಬ ಕೆಳಗಿದೆ. ಶ್ರೀಲಂಕಾದ ದಕ್ಷಿಣದಲ್ಲಿ ಈ ತಗ್ಗು ನೂರು ಮೀಟರ್ ದಾಟುತ್ತದೆ. ನಮ್ಮಲ್ಲಿ 80 ಮೀಟರ್‌ಗಿಂತ ಜಾಸ್ತಿ. ಮಲ್ಪೆಯ ಮರಳಿನ ಮೇಲೆ ಸೆಂಟಿಮೀಟರ್ ಲೆಕ್ಕದಲ್ಲಿ ಅಳೆಯುವ ಜಿಪಿಎಸ್ ಯಂತ್ರ, ಅಂದರೆ ಒಳ್ಳೆಯ ಆರ್‌ಟಿಕೆ ರೋವರ್ ಇಟ್ಟರೆ ಪರದೆಯಲ್ಲಿ ಮೈನಸ್ ಎಂಬತ್ತು ಚಿಲ್ಲರೆ ಬರುತ್ತದೆ. ಮೊದಲ ಸಲ ನೋಡಿದವರು ಗಾಬರಿಯಾಗಿ ಫೋನ್ ಮಾಡುತ್ತಾರೆ. ಅಂಕಿ ಸರಿಯಾಗಿಯೇ ಇರುತ್ತದೆ, ಸೊನ್ನೆ ಬೇರೆ ಅಷ್ಟೆ. ಕೆಲವು ಡ್ರೋನ್‌ಗಳು ಈ ವ್ಯತ್ಯಾಸವನ್ನು ಕಳೆದು ಬರೆಯುತ್ತವೆ, ಕೆಲವು ಹಾಗೆಯೇ ಬರೆಯುತ್ತವೆ. ಎರಡು ಡ್ರೋನಿನ ಫೋಟೋ ಬೆರೆಸಿ ನಕ್ಷೆ ಮಾಡುವ ಮುಂಚೆ ಇದನ್ನು ನೋಡಲೇಬೇಕು.

ಹಾರಿಸುವವರಿಗೂ ಒಂದು ಮಾತು. ಮಣಿಪಾಲದ ಎಂಡ್ ಪಾಯಿಂಟ್‌ನಲ್ಲಿ ಡ್ರೋನ್ ಎಬ್ಬಿಸಿ ಸ್ವರ್ಣೆಯ ಕಡೆಗೆ ಬಿಟ್ಟರೆ ಗುಡ್ಡೆ ಕೆಳಗೆ ಇಳಿಯುತ್ತಾ ಹೋಗುತ್ತದೆ, ಆ್ಯಪಿನ ಅಂಕಿ ಮಾತ್ರ ಗುಡ್ಡೆಯ ತುದಿಯಿಂದಲೇ ಲೆಕ್ಕ ಹಾಕುತ್ತಿರುತ್ತದೆ. 2021ರ ಡ್ರೋನ್ ನಿಯಮದಲ್ಲಿ ಹಸಿರು ವಲಯದ, ಅಂದರೆ ಮೊದಲೇ ಅನುಮತಿ ಕೇಳದೆ ಹಾರಿಸಬಹುದಾದ ಜಾಗದ, 120 ಮೀಟರ್ ಅನ್ನುವುದು ಕೆಳಗಿನ ನೆಲದಿಂದ. ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿಲೋಮೀಟರ್ ನಡುವಿನ ಜಾಗದಲ್ಲಿ 60 ಮೀಟರ್ ಮಾತ್ರ. ಬಜಪೆ ನಿಲ್ದಾಣ ಇರುವ ಮಂಗಳೂರಿನವರು ಇದನ್ನು ಮರೆಯಬಾರದು. ಗುಡ್ಡೆ, ಬೈಲು ಒಂದರ ಪಕ್ಕ ಒಂದು ಇರುವ ನಮ್ಮ ಊರಿನಲ್ಲಿ ಆ್ಯಪ್ 110 ತೋರಿಸಿದರೂ ಕಾನೂನು ಮೀರಿರಬಹುದು. ನದಿ ದಡದಿಂದ ಎಬ್ಬಿಸಿ ಗುಡ್ಡೆಯ ಕಡೆಗೆ ಹೋದರೆ ಉಲ್ಟಾ: ಪರದೆಯಲ್ಲಿ 50 ಇರುತ್ತದೆ, ಕೆಳಗೆ ತೆಂಗಿನ ಗರಿ ತಾಗುವಂತಿರುತ್ತದೆ. ಡ್ರೋನ್ ತಾನಾಗಿ ವಾಪಸ್ ಬರುವ ಎತ್ತರವನ್ನೂ ಇದನ್ನು ನೋಡಿಯೇ ಇಡಬೇಕು.

ಮಣ್ಣಿನ ವಿಷಯಕ್ಕೆ ಬರುತ್ತೇನೆ. 12 ಸೆಂಟ್ಸ್ ಅಂದರೆ ಸುಮಾರು 485 ಚದರ ಮೀಟರ್. ಎತ್ತರದಲ್ಲಿ ಅರ್ಧ ಮೀಟರ್ ತಪ್ಪಿದರೆ 240 ಘನ ಮೀಟರ್ ಮಣ್ಣು ಹೆಚ್ಚು ಕಮ್ಮಿಯಾಗುತ್ತದೆ. ಟಿಪ್ಪರ್ ಬಾಡಿಗೆ ಕೊಟ್ಟವರಿಗೆ ಅದರ ಬಿಸಿ ಗೊತ್ತು. ನೆಲದ ಮೇಲೆ ಮೊದಲೇ ಎತ್ತರ ಅಳೆದ ಗುರುತುಗಳನ್ನು (ಕಂಟ್ರೋಲ್ ಪಾಯಿಂಟ್) ಇಟ್ಟು ಡ್ರೋನ್ ಹಾರಿಸಿದ್ದರೆ ಅದೇ ಫೋಟೋಗಳಿಂದ ಒಳ್ಳೆಯ ಲೆಕ್ಕ ಬರುತ್ತಿತ್ತು. ಆದರೆ ಇಷ್ಟು ಚಿಕ್ಕ ಜಾಗಕ್ಕೆ ಅದೂ ಬೇಡ ಅಂತ ಹೇಳಿದೆ. ಅವರಿಗೆ ಬೇಕಾದದ್ದು ಸಮುದ್ರದಿಂದ ಎಷ್ಟು ಎತ್ತರ ಅನ್ನುವುದಲ್ಲ, ನೆರೆ ನೀರಿನಿಂದ ಎಷ್ಟು ಅನ್ನುವುದು.

ಮರುದಿನ ಎರಡು ಜಾಗದ ನಡುವಿನ ಎತ್ತರದ ವ್ಯತ್ಯಾಸ ಅಳೆಯುವ ಲೆವೆಲ್ ಮಶೀನ್ ಹಿಡಿದು ಹೋದೆವು. ಪಕ್ಕದ ಮನೆಯ ಅಮ್ಮ ಅಂಗಳಕ್ಕೆ ಬಂದು, "2020ರ ಸೆಪ್ಟೆಂಬರ್ ನೆರೆ ಇಲ್ಲಿಯವರೆಗೆ ಬಂದದ್ದು ಮಗಾ" ಅಂತ ತುಳಸಿ ಕಟ್ಟೆಯ ಎರಡನೇ ಮೆಟ್ಟಿಲಿನ ಅಂಚಿಗೆ ಬೆರಳಿಟ್ಟರು. ನಮ್ಮ ಆಫೀಸಿನ ಹುಡುಗ ಅಲ್ಲಿ ಸ್ಟಾಫ್, ಅಂದರೆ ಅಳತೆಯ ಕೋಲು, ನಿಲ್ಲಿಸಿದ. ಆಮೇಲೆ ಖಾಲಿ ಜಾಗದ ನಾಲ್ಕು ಮೂಲೆಯಲ್ಲಿ, ನಡುವಿನಲ್ಲಿ, ರಸ್ತೆಯ ಮೇಲೆ ನಿಲ್ಲಿಸಿದ. ಜಾಗದ ತಗ್ಗಿನ ಮೂಲೆ ಆ ಅಂಚಿಗಿಂತ 62 ಸೆಂಟಿಮೀಟರ್ ಕೆಳಗಿತ್ತು. ಜಾಗದ ಯುವಕರು ಫೋನಿನಲ್ಲಿ 62 ಅಂತ ಬರೆದುಕೊಂಡರು. ಒಂದು ಕ್ಷಣ ನಿಂತು, ಪಕ್ಕದಲ್ಲಿ "ತುಳಸಿ ಕಟ್ಟೆಯ ಎರಡನೇ ಮೆಟ್ಟಿಲಿನಿಂದ" ಅಂತ ಸೇರಿಸಿದರು.