ಚಾಕುವಿನ ಹದ ಕೆಡುವುದು ಎಣ್ಣೆಗೆ ಅದ್ದುವ ಮೊದಲೇ

ಚಾಕುವಿನ ಉಕ್ಕು ಮೆದುವಾಗಿದ್ದರೆ ಬಾಯಿ ಮಡಚಿಕೊಳ್ಳುತ್ತದೆ, ಪೆಡಸಾಗಿದ್ದರೆ ಚಕ್ಕೆ ಏಳುತ್ತದೆ. ಚಕ್ಕೆ ಎದ್ದಿತೆಂದರೆ ಅಲಗನ್ನು ಇನ್ನಷ್ಟು ಬಿಸಿಯಲ್ಲಿ ಟೆಂಪರ್ ಮಾಡಿ (ಕಾಯಿಸಿ ತಣಿಸಿದ ಉಕ್ಕನ್ನು ಮತ್ತೆ ಹಿತಮಿತವಾಗಿ ಬಿಸಿಮಾಡಿ) ಗಡಸುತನ ಇಳಿಸುವವರೇ ಹೆಚ್ಚು. ಆದರೆ ತಪ್ಪು ಬಹಳಷ್ಟು ಸಲ ಅದಕ್ಕಿಂತ ಹಿಂದಿನ ಹಂತದಲ್ಲಿ, ಎಣ್ಣೆಯಲ್ಲಿ ತಣಿಸುವ ಮೊದಲು ಕಾಯಿಸುವಾಗಲೇ ಆಗಿರುತ್ತದೆ.

ರಾಕ್‌ವೆಲ್ ಸಿ ಪರೀಕ್ಷೆಯಲ್ಲಿ ವಜ್ರದ ಶಂಕುವನ್ನು 150 ಕಿಲೋ ಭಾರದಲ್ಲಿ ಒತ್ತಿ, ಅದು ಎಷ್ಟು ಆಳ ಇಳಿಯಿತು ಎಂದು ಅಳೆಯುತ್ತಾರೆ. ಅದು ಗಡಸುತನದ ಲೆಕ್ಕ ಮಾತ್ರ. ಮುರಿಯುವ ಮುನ್ನ ಉಕ್ಕು ಎಷ್ಟು ಪೆಟ್ಟು ತಾಳುತ್ತದೆ ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ಎರಡೂ 60 ತೋರಿಸುವ ಅಲಗುಗಳಲ್ಲಿ ಒಂದು ಬಾಗಿ ಉಳಿಯಬಹುದು, ಇನ್ನೊಂದು ಪಟ್ಟನೆ ಮುರಿಯಬಹುದು.

ಸುಮಾರು 0.84% ಇಂಗಾಲವಿರುವ, 1084 ಎಂಬ ದರ್ಜೆಯ ಉಕ್ಕನ್ನೇ ನೋಡಿ. ಅದನ್ನು 800–815 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಬೇಕು. 770ರ ಸುಮಾರಿಗೆ ಆಯಸ್ಕಾಂತ ಹಿಡಿಯುವುದನ್ನು ಬಿಡುತ್ತದೆ. ಅಲ್ಲಿಂದ ಮೇಲೆ ಹೋಗಬೇಕಾದದ್ದು ಸ್ವಲ್ಪವೇ. ಬಿಸಿಲಿನಲ್ಲಿ ಬಣ್ಣ ನೋಡಿ ಅಂದಾಜು ಮಾಡುವವರು ಇಲ್ಲೇ ಎಡವುತ್ತಾರೆ: ಕೆಂಪು ಮಂಕಾಗಿ ಕಾಣುವುದರಿಂದ ನೂರು ಡಿಗ್ರಿ ಹೆಚ್ಚು ಕಾಯಿಸಿಬಿಡುತ್ತಾರೆ. ಆಗ ಉಕ್ಕಿನೊಳಗಿನ ಹರಳುಗಳು ದಪ್ಪವಾಗಿ ಬೆಳೆಯುತ್ತವೆ, ಬಿರುಕು ಅವುಗಳ ಅಂಚು ಹಿಡಿದು ಸಲೀಸಾಗಿ ಓಡುತ್ತದೆ. ಅದೇ ಉಕ್ಕಿನ ಒಂದು ತುಂಡನ್ನು ಹಾಗೆಯೇ ಕಾಯಿಸಿ, ತಣಿಸಿ, ಮುರಿದು ನೋಡಿ. ಮುರಿದ ಮುಖ ಸಕ್ಕರೆಯಂತೆ ಮಿನುಗಿದರೆ ಹೆಚ್ಚು ಕಾದಿದೆ; ಮಂಕು ಬೂದು ಬಣ್ಣದಲ್ಲಿ ನಯವಾಗಿದ್ದರೆ ಸರಿ. ದಪ್ಪವಾದ ಹರಳನ್ನು ಟೆಂಪರಿಂಗ್ ಸಣ್ಣದು ಮಾಡಲಾರದು. ಅದನ್ನು ನಾರ್ಮಲೈಸ್ ಮಾಡಿ, ಅಂದರೆ ಪ್ರತಿ ಸಲ ಶಾಖ ಇಳಿಸಿಕೊಂಡು ಎರಡು ಮೂರು ಬಾರಿ ಕಾಯಿಸಿ ಗಾಳಿಯಲ್ಲಿ ಆರಿಸಿ, ಮತ್ತೆ ಮೊದಲಿನಿಂದ ಶುರು ಮಾಡಬೇಕು.

ತಣಿಸಲು 50 ಡಿಗ್ರಿಗೆ ಬೆಚ್ಚಗಾಗಿಸಿದ, ವೇಗವಾಗಿ ಶಾಖ ಎಳೆಯುವ ಎಣ್ಣೆ ಬೇಕು. 1084 ಸುಮಾರು ಒಂದು ಸೆಕೆಂಡಿನಲ್ಲಿ 550ರ ಕೆಳಗಿಳಿಯದಿದ್ದರೆ ಅಲ್ಲಲ್ಲಿ ಪರ್ಲೈಟ್ ಎಂಬ ಮೆತ್ತಗಿನ ರೂಪದ ಉಕ್ಕು ಉಳಿಯುತ್ತದೆ. ಆಮೇಲೆ ಅಲಗಿನ ಮೇಲೆ ಅರ ಉಜ್ಜಿದರೆ ಕಚ್ಚದೆ ಜಾರಬೇಕು. ಕಚ್ಚಿತೆಂದು ಕೂಡಲೇ ಗಾಬರಿಯಾಗಬೇಡಿ; ಮೇಲ್ಪದರದ ಇಂಗಾಲ ಸುಟ್ಟುಹೋಗಿರಬಹುದು, ಸ್ವಲ್ಪ ಉಜ್ಜಿ ತೆಗೆದು ಮತ್ತೆ ನೋಡಿ.

ಕೈಗೆ ತಡೆಯುವಷ್ಟು ತಣ್ಣಗಾದ ಕೂಡಲೇ 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಟೆಂಪರ್ ಮಾಡಿ. ಗಡಸುತನ 60–61ರ ಆಸುಪಾಸಿಗೆ ಬರುತ್ತದೆ. ತಾಳಿಕೆ ಹೆಚ್ಚಲೆಂದು 300ಕ್ಕೆ ಏರಿಸಿದರೆ ಫಲ ಉಲ್ಟಾ! ಸುಮಾರು 260ರಿಂದ 370ರವರೆಗೆ ಉಕ್ಕಿನೊಳಗೆ ಸಿಮೆಂಟೈಟಿನ (ಕಬ್ಬಿಣ ಮತ್ತು ಇಂಗಾಲ ಸೇರಿದ ಪೆಡಸು ಸಂಯುಕ್ತದ) ತೆಳು ಪದರಗಳು ಮೂಡಿ, ಗಡಸುತನದ ಜೊತೆ ತಾಳಿಕೆಯೂ ಇಳಿಯುತ್ತದೆ. ನೋಡಲು ಚೆಂದವಾದ ನೀಲಿ ಬಣ್ಣ ಬರುವುದು ಸರಿಯಾಗಿ ಈ ವಲಯದಲ್ಲೇ.

ಕೆಲವು ಉಕ್ಕುಗಳಿಗೆ ಹದದಿಂದಲೂ ದಾಟಲಾಗದ ಮಿತಿಯಿದೆ. 1.5% ಇಂಗಾಲ, 12% ಕ್ರೋಮಿಯಂ ಇರುವ ಡಿ2 ಎಂಬ ಉಕ್ಕಿನಲ್ಲಿ ದಪ್ಪ ಕಾರ್ಬೈಡುಗಳು (ಇಂಗಾಲ ಲೋಹದೊಡನೆ ಸೇರಿ ಆದ ಗಟ್ಟಿ ಕಣಗಳು) ಇರುತ್ತವೆ, ಬಿರುಕು ಅಲ್ಲಿಂದಲೇ ಶುರುವಾಗುತ್ತದೆ. ಕಾರ್ಬೈಡುಗಳು ಸಣ್ಣಗಿರುವ ಎಇಬಿ-ಎಲ್ ಎಂಬ ಉಕ್ಕು ಅದೇ ಗಡಸುತನದಲ್ಲಿ ಬಹಳ ಹೆಚ್ಚು ಪೆಟ್ಟು ತಾಳುತ್ತದೆ. ತೆಳ್ಳನೆಯ ಬಾಯಿ ಬೇಕಿದ್ದರೆ ಡಿ2ವಿನ ಜೊತೆ ಹೆಣಗುವುದಕ್ಕಿಂತ ಉಕ್ಕನ್ನೇ ಬದಲಿಸುವುದು ಮೇಲು.