ಕೇಬಲ್ ಬದಲಿಸಿದಾಗ ಕೇಳಿಸಿದ ವ್ಯತ್ಯಾಸ ಎಲ್ಲಿಂದ ಬಂತು?

ಓದುಗರ ಪ್ರಶ್ನೆ: ದುಬಾರಿ ಸ್ಪೀಕರ್ ಕೇಬಲ್‌ಗಳೆಲ್ಲ ಮೋಸ ಎನ್ನುತ್ತಾರೆ. ಆದರೆ ಅಂಗಡಿಯಲ್ಲಿ ಕೇಬಲ್ ಬದಲಿಸಿದ ಕೂಡಲೇ ಹಾಡು ತಿಳಿಯಾಗಿ ಕೇಳಿಸಿತು. ನನ್ನ ಕಿವಿಯನ್ನೇ ನಾನು ನಂಬಬಾರದೇ?

ನಿಮಗೆ ಹಾಗೆ ಕೇಳಿಸಿದ್ದು ಸುಳ್ಳಲ್ಲ. ಅದು ಕೇಬಲ್‌ನಿಂದಲೇ ಆಯಿತು ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ.

ಒಮ್ಮೆ ಧ್ವನಿಮುದ್ರಣದ ನಡುವೆ ಗಾಯಕಿಯ ದನಿಗೆ ಹೊಳಪು ಕೊಡಲು ಈಕ್ವಲೈಸರ್‌ನ ನಾಬ್ ಅನ್ನು ಕೂದಲೆಳೆಯಷ್ಟು ತಿರುಗಿಸಿದೆ. ದನಿ ಅರಳಿತು. ಇನ್ನಷ್ಟು ತಿರುಗಿಸಿದೆ, ಉಸಿರಿನ ಸದ್ದೂ ಹತ್ತಿರ ಬಂತು. ಆಮೇಲೆ ನೋಡಿದರೆ ಈಕ್ವಲೈಸರ್ ಬೈಪಾಸ್‌ನಲ್ಲಿತ್ತು, ದನಿ ಅದರೊಳಗೆ ಹಾದೇ ಇರಲಿಲ್ಲ. ಗಮನವಿಟ್ಟು ಕೇಳಿದಾಗ ಮೊದಲೇ ಇದ್ದದ್ದು ಹೊಸದಾಗಿ ಕೇಳಿಸುತ್ತದೆ. ಅದರ ಮೇಲೆ ಅಂಗಡಿಯವರು ವಾಲ್ಯೂಮ್ ಒಂದಿಷ್ಟು ಏರಿಸಿದರಂತೂ ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆನ್ನಾಗಿದೆ’ ಎನ್ನುತ್ತದೆ.

ಇನ್ನು ತಂತಿಯ ಲೆಕ್ಕ. 2.5 ಚದರ ಮಿಲಿಮೀಟರ್ ದಪ್ಪದ ಸಾಮಾನ್ಯ ತಾಮ್ರದ ತಂತಿ, 3 ಮೀಟರ್ ದೂರ: ಹೋಗಿಬರುವ ದಾರಿಯ ಒಟ್ಟು ರೋಧ ಸುಮಾರು 0.04 ಓಮ್. 8 ಓಮ್ ಸ್ಪೀಕರ್‌ಗೆ ಇದರಿಂದಾಗುವ ನಷ್ಟ ಸುಮಾರು 0.04 ಡೆಸಿಬೆಲ್, ಕಿವಿಗೆ ಗೊತ್ತಾಗುವುದಿಲ್ಲ. ತಂತಿ ತೀರಾ ತೆಳುವಾಗಿದ್ದು ಬಹಳ ಉದ್ದವಿದ್ದರೆ ವ್ಯತ್ಯಾಸ ನಿಜ, ಆದರೆ ಅದಕ್ಕೆ ದಪ್ಪ ತಂತಿ ಸಾಕು. ಬೆಳ್ಳಿಯೇ ಬೇಕಿಲ್ಲ, ಅದರ ವಾಹಕತೆ ತಾಮ್ರಕ್ಕಿಂತ ಶೇ 6ರಷ್ಟು ಮಾತ್ರ ಹೆಚ್ಚು.

ಜಾಹೀರಾತುಗಳ ಅರ್ಧ ಸತ್ಯ ನನಗೆ ಸಿಟ್ಟು ತರಿಸುತ್ತದೆ. ‘ಸ್ಕಿನ್ ಎಫೆಕ್ಟ್’, ಅಂದರೆ ಕಂಪನಾಂಕ ಏರಿದಂತೆ ವಿದ್ಯುತ್ ತಂತಿಯ ಹೊರಮೈಯಲ್ಲೇ ಹರಿಯುವುದು, ಸುಳ್ಳಲ್ಲ, ರೇಡಿಯೊ ತರಂಗಗಳ ವಿಷಯದಲ್ಲಿ ಅದು ದೊಡ್ಡ ತೊಡಕೇ. ಆದರೆ ನಮ್ಮ ಶ್ರವಣದ ಮೇಲಿನ ಅಂಚಾದ 20,000 ಹರ್ಟ್ಸ್‌ನಲ್ಲೂ ವಿದ್ಯುತ್ ತಾಮ್ರದೊಳಗೆ ಅರ್ಧ ಮಿಲಿಮೀಟರ್‌ನಷ್ಟು ಆಳಕ್ಕೆ ಇಳಿಯುತ್ತದೆ. ರೇಡಿಯೊದ ಸಮಸ್ಯೆ ತೋರಿಸಿ ಸಂಗೀತಪ್ರೇಮಿಯ ದುಡ್ಡು ಕೀಳುವುದು ಅನ್ಯಾಯ. ಲೇಸರ್‌ನ ಚದುರಿದ ಬೆಳಕನ್ನು ಹೀರಿ ಹಾಡನ್ನು ತಿಳಿಯಾಗಿಸುತ್ತದೆ ಎಂದು ಸಿಡಿಯ ಅಂಚಿಗೆ ಬಳಿಯುವ ಹಸಿರು ಶಾಯಿಯೂ ಇದೇ ಜಾತಿಯದು. ಸಿಡಿ ಓದುವ ಲೇಸರ್ 780 ನ್ಯಾನೊಮೀಟರ್‌ನ ಅವಕೆಂಪು ಬೆಳಕು. ಅದು ಓದುವುದು ಅಂಕೆಗಳನ್ನು, ಚಿಕ್ಕಪುಟ್ಟ ತಪ್ಪುಗಳನ್ನು ತಿದ್ದಿಕೊಳ್ಳುವ ಸಂಕೇತವೂ ಅದರಲ್ಲೇ ಇದೆ.

ಕೊಳ್ಳುವ ಮೊದಲು ಹೀಗೆ ಮಾಡಿ. ಎರಡು ಕೇಬಲ್‌ಗಳನ್ನು ಪರದೆಯ ಹಿಂದಿಡಿ, ವಾಲ್ಯೂಮ್ ಮುಟ್ಟಬೇಡಿ. ಸ್ನೇಹಿತರೊಬ್ಬರು ಪ್ರತಿ ಸಲ ನಾಣ್ಯ ಚಿಮ್ಮಿ, ಬಿದ್ದದ್ದಕ್ಕೆ ತಕ್ಕಂತೆ ಕೇಬಲ್ ಜೋಡಿಸಲಿ. ಅವರ ಮುಖವೂ ನಿಮಗೆ ಕಾಣಬಾರದು. ಬರೀ ಊಹೆಯಿಂದ 10ರಲ್ಲಿ 9 ಅಥವಾ 10 ಸರಿಯಾಗುವ ಸಾಧ್ಯತೆ ಸುಮಾರು ಶೇ 1. ನೀವು ಅಷ್ಟು ಸರಿ ಹೇಳಿದರೆ ನನಗೆ ಬರೆದು ತಿಳಿಸಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ.